ಚಪ್ಪಲಿ ಜಾರಿದ್ದೇ ಗೊತ್ತಾಗಲಿಲ್ಲ ಅಂದರೆ
ನಮಸ್ಕಾರ. ನಮ್ಮ ದೊಡ್ಡಪ್ಪ ಒಂದು ಸಂಜೆ ದೇವಸ್ಥಾನದಿಂದ ಬಂದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲೆಲ್ಲೋ ಜಾರಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ‘ಮರೆವು, ವಯಸ್ಸಾಯ್ತಲ್ಲ’ ಅಂದೆವು. ನಾನೂ ಅಂದೆ.

ಅದಕ್ಕೂ ಮುಂಚೆಯೇ ಅಂಗಿ ಗುಂಡಿ ಹಾಕೋಕೆ ಪರದಾಡುತ್ತಿದ್ದರು. ಸಾರನ್ನ ಕಲಸುವಾಗ ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ತೂರಾಡುತ್ತಿದ್ದರು. ಕತ್ತು ನೋವು ಮಾತ್ರ ಅಷ್ಟಾಗಿ ಇರಲಿಲ್ಲ. ಅದಕ್ಕೇ ಯಾರೂ ಕತ್ತಿನ ಬಗ್ಗೆ ಯೋಚಿಸಲೇ ಇಲ್ಲ.

ಮೆದುಳಿನ ಸಂದೇಶವನ್ನು ಕತ್ತಿನ ಮೂಲಕ ಕೈಕಾಲಿಗೆ ಒಯ್ಯುವ ಬೆನ್ನುಹುರಿ ಹೆಚ್ಚುಕಡಿಮೆ ನಮ್ಮ ಕಿರುಬೆರಳಿನಷ್ಟು ದಪ್ಪ. ವಯಸ್ಸಾಗುತ್ತಾ ಕತ್ತಿನ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬುತ್ತದೆ, ಮೂಳೆಯ ಅಂಚು ಬೆಳೆಯುತ್ತದೆ, ಹುರಿ ಹಾದುಹೋಗುವ ಜಾಗ ಇಕ್ಕಟ್ಟಾಗುತ್ತದೆ. ಒತ್ತುವುದು ಕತ್ತಲ್ಲಿ, ಕೈಕೊಡುವುದು ಬೆರಳು ಮತ್ತು ಕಾಲು. ಡಾಕ್ಟರುಗಳು ಇದನ್ನು ಸರ್ವೈಕಲ್ ಮೈಲೋಪತಿ ಅನ್ನುತ್ತಾರೆ.

ಈಗಲೇ ಮುಷ್ಟಿ ಕಟ್ಟಿ, ಪೂರ್ತಿ ಬಿಚ್ಚಿ. 10 ಸೆಕೆಂಡಿನಲ್ಲಿ ಸಾಮಾನ್ಯವಾಗಿ 20 ಸಲವಾದರೂ ಆಗಬೇಕು. ಕಡಿಮೆ ಆದರೆ ಇದೇ ಕಾಯಿಲೆ ಅಂತಲ್ಲ. ಆದರೆ ಡಾಕ್ಟರ ಹತ್ತಿರ ಹೇಳಲೇಬೇಕು.

ನನ್ನ ಸಂಕಟ ಇರುವುದು ಇಲ್ಲಿ. ಎರಡು ವರ್ಷ ‘ಶುಗರ್‌ನಿಂದ ನರ ವೀಕ್ ಆಗಿದೆ’ ಅಂತ ಮಾತ್ರೆ ನುಂಗಿಸಿದರು. ಯಾರೂ ಮಂಡಿಗೆ ಪುಟ್ಟ ರಬ್ಬರ್ ಸುತ್ತಿಗೆ ತಟ್ಟಿ, ಕಾಲು ಎಷ್ಟು ಚಿಮ್ಮುತ್ತದೆ ಅಂತ ನೋಡಲಿಲ್ಲ. ಶುಗರ್‌ನಿಂದ ನರ ಸೋತಿದ್ದರೆ ಕಾಲಿನ ಆ ಚಿಮ್ಮು ಕಡಿಮೆಯಾಗುತ್ತದೆ. ಹುರಿ ಒತ್ತಿದ್ದರೆ ಸಾಮಾನ್ಯವಾಗಿ ಜೋರಾಗುತ್ತದೆ. ಅರ್ಧ ನಿಮಿಷದ ಕೆಲಸ ಅಲ್ವಾ? ಆಮೇಲೆ ಎಂಆರ್‌ಐ ಬೇಕು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹುರಿ ಕಾಣುವುದಿಲ್ಲ. ಇಂಥ ಅನುಮಾನ ಇರುವಾಗ ದಯವಿಟ್ಟು ಕತ್ತು ತಿರುಗಿಸಿ ನೆಟಿಕೆ ತೆಗೆಸಬೇಡಿ.

ಕೆಲವರಿಗೆ ದಿನಗಟ್ಟಲೆ ಕಾಯುವ ಸಮಯವೂ ಇರುವುದಿಲ್ಲ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಹುರಿಯನ್ನು ಒತ್ತಬಹುದು. ಕ್ಯಾನ್ಸರ್ ಆದವರಿಗೆ ಹೊಸದಾಗಿ ಬೆನ್ನು ನೋವು ಬಂದು, ಮಲಗಿದಾಗ ಜಾಸ್ತಿಯಾದರೆ, ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ಟೀರಾಯ್ಡ್, ರೇಡಿಯೇಷನ್, ಆಪರೇಷನ್ ಎಲ್ಲ ಇವೆ. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಮುಂದೆಯೂ ನಡೆಯುವ ಸಾಧ್ಯತೆ ಜಾಸ್ತಿ. ಕಾಲು ಪೂರ್ತಿ ಬಿದ್ದುಹೋದ ಮೇಲೆ ಮರಳಿ ಬರುವುದು ಕಷ್ಟ.

ದೊಡ್ಡಪ್ಪನಿಗೆ ಕೊನೆಗೆ ಆಪರೇಷನ್ ಆಯಿತು. ಕೋಲು ಹಿಡಿದು ದೇವಸ್ಥಾನಕ್ಕೆ ಹೋಗಿಬರುತ್ತಾರೆ. ಅಂಗಿ ಗುಂಡಿ ಮಾತ್ರ ಈಗಲೂ ದೊಡ್ಡಮ್ಮನೇ ಹಾಕಿಕೊಡುತ್ತಾರೆ.