ಅರ್ಜಿ ಹಾಕಿದ ಮೇಲಿನ ತಿಂಗಳುಗಳು

ವೇದಿಕೆಯಲ್ಲಿರುವ ಹಿರಿಯರಿಗೆ, ಅಧ್ಯಾಪಕ ಮಿತ್ರರಿಗೆ, ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಿಂದಲೂ ಊರಿನ ಬೇರೆ ಬೇರೆ ಕಾಲೇಜುಗಳಿಂದಲೂ ಬಂದಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ. ಕಂಪ್ಯೂಟೇಷನಲ್ ಬಯಾಲಜಿಯಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುವುದು, ಕಾಯುವುದು, ಸಂದರ್ಶನ ಎದುರಿಸುವುದು, ಇವುಗಳ ಬಗ್ಗೆ ಇಂದು ಮಾತಾಡುತ್ತೇನೆ.

ನಾನು ಓದಿ ಬೆಳೆದದ್ದು ಇದೇ ದಾವಣಗೆರೆಯಲ್ಲಿ. ಸುಗ್ಗಿಯ ದಿನಗಳಲ್ಲಿ ಎಪಿಎಂಸಿ ಅಂಗಳದ ತುಂಬ ಮೆಕ್ಕೆಜೋಳದ ರಾಶಿ ಬಿದ್ದಿರುವುದನ್ನು ನೋಡುತ್ತಲೇ ಕಾಲೇಜಿಗೆ ಹೋಗುತ್ತಿದ್ದೆ. ಆ ಕಾಳಿನ ಪ್ರತಿ ಜೀವಕೋಶದೊಳಗೂ ಡಿಎನ್‌ಎಯ ಸುಮಾರು 230 ಕೋಟಿ ಅಕ್ಷರಗಳ ಒಂದು ಪಠ್ಯವಿದೆ, ಅದೇ ಅದರ ಜೀನೋಮು, 2009ರಲ್ಲಿ ವಿಜ್ಞಾನಿಗಳು ಅದನ್ನು ಓದಿ ಪ್ರಕಟಿಸಿದ್ದಾರೆ, ಅದರಲ್ಲಿ ಶೇಕಡ 85ರಷ್ಟು ಭಾಗ ಜಾಗ ಬದಲಿಸುವ, ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ತುಣುಕುಗಳಿಂದ ಬಂದದ್ದು ಎಂಬ ವಿಷಯ ಎಂಎಸ್ಸಿಯ ಎರಡನೆಯ ವರ್ಷದವರೆಗೆ ನನಗೆ ತಿಳಿದಿರಲಿಲ್ಲ. ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಇಂಥ ಜಿಗಿಯುವ ಜೀನ್‌ಗಳನ್ನು ಗುರುತಿಸಿದ್ದು ತೆನೆಯ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡ ವರ್ಣತಂತುಗಳನ್ನೂ ವರ್ಷಗಟ್ಟಲೆ ತಾಳೆ ನೋಡಿ. ಅದಕ್ಕೆ 1983ರಲ್ಲಿ ಅವರಿಗೆ ನೊಬೆಲ್ ಬಂತು. ಯಾವ ತುಣುಕು ಎಲ್ಲಿಂದ ಎಲ್ಲಿಗೆ ಜಿಗಿಯಿತು ಎಂಬ ಅದೇ ಪ್ರಶ್ನೆಯನ್ನು 230 ಕೋಟಿ ಅಕ್ಷರಗಳ ಮೇಲೆ ಇಟ್ಟು ಕೇಳಬೇಕೆಂದರೆ ಕಣ್ಣು ಸಾಲದು, ಗಣಿತವೂ ಕಂಪ್ಯೂಟರೂ ಬೇಕು. ಕಂಪ್ಯೂಟೇಷನಲ್ ಬಯಾಲಜಿ ಎಂದರೆ ಇದೇ: ಪ್ರಶ್ನೆ ಜೀವಶಾಸ್ತ್ರದ್ದು, ಅದನ್ನು ಬಿಡಿಸುವ ದಾರಿ ಗಣಿತದ್ದು.

ಇದು ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಡಚಿಕೊಳ್ಳಬಲ್ಲದು, ಯಾವುದರಲ್ಲಿ ಮಡಚಿಕೊಳ್ಳಲಾರದು ಎಂಬುದನ್ನು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮದರಾಸಿನಲ್ಲಿ ಲೆಕ್ಕ ಹಾಕಿ 1963ರಲ್ಲಿ ಪ್ರಕಟಿಸಿದರು. ಪ್ರೋಟೀನ್ ರಚನೆಯನ್ನು ಪರಿಶೀಲಿಸುವವರು ಇಂದಿಗೂ ಆ ಲೆಕ್ಕದಿಂದ ಬಂದ ನಕ್ಷೆಯ ಮುಂದೆ ನಿಲ್ಲಲೇಬೇಕು. ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿನ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಈಗ ಆ ಸಂಸ್ಥೆಯ ಎರಡನೆಯ ಆವರಣ ನಮ್ಮ ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಪರೀಕ್ಷೆಗಳ ವಿಚಾರ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಸಿಎಸ್‌ಐಆರ್ ನೆಟ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಬೆಟ್, ಗೇಟ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಪ್ರವೇಶ ಪರೀಕ್ಷೆ, ಇವುಗಳಲ್ಲಿ ಒಂದಾದರೂ ಕೈಯಲ್ಲಿದ್ದರೆ ದೇಶದೊಳಗಿನ ಹೆಚ್ಚಿನ ಸಂಸ್ಥೆಗಳ ಬಾಗಿಲು ತಟ್ಟಬಹುದು. ಗೇಟ್ ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆಯೂ ಸೇರಿದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ ಜೆಆರ್‌ಎಫ್ ಎಂಬ ವಿದ್ಯಾರ್ಥಿವೇತನದ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ದರ್ಜೆಯ ಎಸ್‌ಆರ್‌ಎಫ್ ಆದಾಗ 42,000. ಮನೆಯಲ್ಲಿ ‘ಇನ್ನೂ ಎಷ್ಟು ವರ್ಷ ಓದೋದು’ ಎಂದು ಕೇಳುವವರಿಗೆ ಈ ಅಂಕಿಗಳನ್ನು ತಪ್ಪದೆ ಹೇಳಿ, ಏಕೆಂದರೆ ಪಿಎಚ್‌ಡಿಗೆ ಫೀಸು ಕಟ್ಟಿ ಸಾಲ ಮಾಡಬೇಕೆಂದೇ ನಮ್ಮ ಕಡೆಯ ಎಷ್ಟೋ ತಂದೆತಾಯಿಗಳು ತಿಳಿದಿರುತ್ತಾರೆ.

ಅಮೆರಿಕದ ಕಾರ್ಯಕ್ರಮಗಳಿಗೆ ಹೆಚ್ಚಿನ ಕಡೆ ಡಿಸೆಂಬರ್ ಮೊದಲ ಎರಡು ವಾರ ಕೊನೆಯ ದಿನ; ಜನವರಿಯಿಂದ ಮಾರ್ಚ್‌ವರೆಗೆ ಸಂದರ್ಶನ; ಏಪ್ರಿಲ್ 15ರೊಳಗೆ ಅಭ್ಯರ್ಥಿ ಉತ್ತರ ಹೇಳಬೇಕು. ಬಯಾಲಜಿಯ ಬಹಳಷ್ಟು ಕಾರ್ಯಕ್ರಮಗಳು ಈಗ ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೇಳುವುದಿಲ್ಲ. ಆದರೆ ಒಂದೊಂದು ಅರ್ಜಿಗೂ ನೂರು ಡಾಲರ್ ಆಸುಪಾಸು ಶುಲ್ಕವಿರುತ್ತದೆ. ಹತ್ತು ಕಡೆ ಅರ್ಜಿ ಹಾಕುವುದೆಂದರೆ ನಮ್ಮಂಥ ಮನೆಗಳಿಗೆ ಅದು ಒಂದು ಬೆಳೆಯ ಲಾಭ. ಶುಲ್ಕ ವಿನಾಯಿತಿ ಕೊಡುವ ಕಾರ್ಯಕ್ರಮಗಳೂ ಇವೆ. ಕಚೇರಿಗೆ ಒಂದು ಇಮೇಲ್ ಬರೆದು ಕೇಳಿದರೆ ಯಾರೂ ನಿಮ್ಮನ್ನು ಕಡಿಮೆ ಎಣಿಸುವುದಿಲ್ಲ. ಕೇಳಲು ಸಂಕೋಚಪಟ್ಟು ನಾನು ದುಡ್ಡು ಕಳೆದಿದ್ದೇನೆ.

ಈಗ ಅರ್ಜಿಯ ಮುಖ್ಯ ಭಾಗಕ್ಕೆ ಬರೋಣ, ಅಂದರೆ ಎಸ್‌ಒಪಿ ಎಂದು ನಾವೆಲ್ಲ ಕರೆಯುವ ಉದ್ದೇಶ ಪತ್ರಕ್ಕೆ. ಹಿರಿಯೂರು ಕಡೆಯ ಒಬ್ಬ ವಿದ್ಯಾರ್ಥಿ ಕಳೆದ ವರ್ಷ ತನ್ನ ಕರಡನ್ನು ನನಗೆ ಕಳುಹಿಸಿದ್ದ. ಮೊದಲ ಸಾಲು ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದಿತ್ತು. ಅದು ಸುಳ್ಳಲ್ಲ, ಆದರೆ ಆ ಸಾಲನ್ನು ಅರ್ಜಿ ಹಾಕುವ ಎಲ್ಲರೂ ಬರೆಯಬಲ್ಲರು. ಫೋನಿನಲ್ಲಿ ಮಾತಾಡುತ್ತಾ ಅವನ ಎಂಎಸ್ಸಿ ಪ್ರಾಜೆಕ್ಟಿನ ಬಗ್ಗೆ ಕೇಳಿದೆ. ಶೇಂಗಾ ಗಿಡ ಬರಕ್ಕೆ ಸಿಕ್ಕಾಗ ಯಾವ ಜೀನ್‌ಗಳು ಚುರುಕಾಗುತ್ತವೆ ಎಂದು, ಯಾರಾದರೂ ಇಳಿಸಿಕೊಳ್ಳಬಹುದಾದ ಸಾರ್ವಜನಿಕ ದತ್ತಾಂಶವನ್ನು ಇಟ್ಟುಕೊಂಡು ನೋಡಿದ್ದನಂತೆ. ‘ಮೇಡಂ, ಒಂದು ತೊಂದರೆ ಬಂತು, ಅದನ್ನು ಬರೆದರೆ ಪ್ರಾಜೆಕ್ಟ್ ಸರಿಯಾಗಿಲ್ಲ ಅನ್ಕೋತಾರೆ’ ಎಂದು ಅಳುಕಿದ. ಆ ತೊಂದರೆಯೇ ಅವನ ಅರ್ಜಿಯ ಬೆಲೆಯುಳ್ಳ ಭಾಗವಾಗಿತ್ತು.

ಏನದು ಎಂದು ವಿವರಿಸುತ್ತೇನೆ. ನಾವು ಬೆಳೆಯುವ ಶೇಂಗಾ ಎರಡು ಕಾಡು ಪೂರ್ವಜರು ಬೆರೆತು ಹುಟ್ಟಿದ ಗಿಡ. ಇಬ್ಬರ ಜೀನೋಮುಗಳನ್ನೂ ಅದು ಪೂರ್ತಿಯಾಗಿ ಹೊತ್ತುಕೊಂಡಿದೆ, ಹಾಗಾಗಿ 40 ವರ್ಣತಂತುಗಳು. ಆ ಎರಡು ಪೂರ್ವಜರ ಜೀನೋಮು 2016ರಲ್ಲಿ, ನಮ್ಮ ಹೊಲದ ಶೇಂಗಾದ್ದು 2019ರಲ್ಲಿ ಪ್ರಕಟವಾಯಿತು. ಎರಡೂ ಪಾಲುಗಳು ಅಕ್ಕತಂಗಿಯರಷ್ಟು ಹೋಲುವುದರಿಂದ, ಡಿಎನ್‌ಎ ಓದುವ ಯಂತ್ರ ಕೊಡುವ ನೂರೈವತ್ತು ಅಕ್ಷರದ ತುಣುಕು ಯಾವ ಪಾಲಿನದೆಂದು ಎಷ್ಟೋ ಸಲ ಹೇಳಲಾಗುವುದಿಲ್ಲ, ಎರಡು ಕಡೆಯೂ ಸಮನಾಗಿ ಕೂರುತ್ತದೆ. ಅಂಥ ತುಣುಕುಗಳನ್ನು ಬಿಟ್ಟುಬಿಟ್ಟರೆ ಒಂದು ಉತ್ತರ, ಹಂಚಿ ಎಣಿಸಿದರೆ ಇನ್ನೊಂದು ಉತ್ತರ. ಈ ಹುಡುಗ ಎರಡನ್ನೂ ಮಾಡಿ ನೋಡಿ, ಪಟ್ಟಿಯ ಮೇಲ್ಭಾಗದ ಜೀನ್‌ಗಳೇ ಬದಲಾದದ್ದನ್ನು ಕಂಡು, ಹೆದರಿ, ಒಂದನ್ನು ಮಾತ್ರ ವರದಿಯಲ್ಲಿ ಇಟ್ಟಿದ್ದ. ಅವನ ಉದ್ದೇಶ ಪತ್ರ ಈಗ ಆ ಎರಡು ಪಟ್ಟಿಗಳ ವ್ಯತ್ಯಾಸದಿಂದಲೇ ಶುರುವಾಗುತ್ತದೆ. ಸಂದರ್ಶನಕ್ಕೆ ಕರೆದ ಕಡೆಯಲ್ಲೆಲ್ಲ ಅದರ ಬಗ್ಗೆಯೇ ಕೇಳಿದರು.

ನಾನು ಇಂದು ಹೇಳಬೇಕೆಂದು ಬಂದಿರುವುದು ಇದನ್ನೇ. ನಿಮ್ಮನ್ನು ಸಂದರ್ಶನದವರೆಗೆ ಕರೆದೊಯ್ಯುವುದು, ಅಲ್ಲಿ ಕೈಹಿಡಿಯುವುದು, ಸ್ವಂತ ಕೈಯಿಂದ ಕೆಲಸ ಮಾಡಿ ಸಿಕ್ಕಿಕೊಂಡ ಒಂದು ಪ್ರಶ್ನೆ. ಅದು ದೊಡ್ಡದಾಗಿರಬೇಕಿಲ್ಲ, ಉತ್ತರ ಸಿಕ್ಕಿರಬೇಕೆಂದೂ ಇಲ್ಲ, ಆದರೆ ಅದರ ತಳದವರೆಗೆ ನೀವು ಇಳಿದಿರಬೇಕು. ಬಯೋಟೆಕ್ನಾಲಜಿಯವರು ಗಣಿತಕ್ಕೆ ಹೆದರುವುದನ್ನೂ, ಕಂಪ್ಯೂಟರ್ ಸೈನ್ಸಿನವರು ಬಯಾಲಜಿ ಎಂದರೆ ಬರೀ ಡೇಟಾ ಎಂದುಕೊಳ್ಳುವುದನ್ನೂ ಕಂಡಿದ್ದೇನೆ. ಇಬ್ಬರಿಗೂ ಒಂದೇ ಮಾತು: ಭಾರತ ಮೂಲದ ವಿಜ್ಞಾನಿ ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕೂತು ಜೀವಶಾಸ್ತ್ರ ಕಲಿತರು, ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕಾಗಿ 2009ರಲ್ಲಿ ನೊಬೆಲ್ ಪಡೆದರು. ಬಾರದ್ದನ್ನು ಮೊದಲಿನಿಂದ ಕಲಿಯುವುದಕ್ಕೆ ಈ ಕ್ಷೇತ್ರದಲ್ಲಿ ಯಾರೂ ನಾಚಿಕೊಳ್ಳುವುದಿಲ್ಲ.

ಶಿಫಾರಸು ಪತ್ರಗಳ ಬಗ್ಗೆ ಒಂದು ನೋವಿನ ಸಂಗತಿ ಹೇಳಬೇಕು. ವಿದೇಶಿ ಅರ್ಜಿಗಳಿಗೆ ಸಾಮಾನ್ಯವಾಗಿ ಮೂರು ಪತ್ರ ಬೇಕು, ಅವುಗಳನ್ನು ನೀವು ಕೈಯಲ್ಲಿ ಹಿಡಿದು ಕೊಡುವಂತಿಲ್ಲ. ಲಿಂಕ್ ನೇರವಾಗಿ ಗುರುಗಳ ಇಮೇಲಿಗೆ ಹೋಗುತ್ತದೆ. ನಾನು ಮೊದಲ ಸಲ ಎಂಟು ಕಡೆ ಅರ್ಜಿ ಹಾಕಿದಾಗ ನನ್ನ ಅಧ್ಯಾಪಕರೊಬ್ಬರಿಗೆ ಬಂದ ಎಂಟೂ ಲಿಂಕುಗಳು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೂತಿದ್ದವು. ಅವರು ಪತ್ರ ಬರೆದು ಸಿದ್ಧವಾಗಿಟ್ಟುಕೊಂಡು ಲಿಂಕಿಗಾಗಿ ಕಾಯುತ್ತಿದ್ದರು. ನಾನು, ಗುರುಗಳಿಗೆ ಮತ್ತೆ ಮತ್ತೆ ಕೇಳುವುದು ಅವಿಧೇಯತೆ ಎಂದು ಸುಮ್ಮನಿದ್ದೆ. ಕೊನೆಯ ದಿನ ಕಳೆಯಿತು. ಆ ವರ್ಷ ಒಂದೇ ಒಂದು ಸಂದರ್ಶನವೂ ಬರಲಿಲ್ಲ. ‘ಸರ್, ಲಿಂಕ್ ಬಂತೇ, ಸ್ಪ್ಯಾಮ್‌ನಲ್ಲಿ ಒಮ್ಮೆ ನೋಡಿ’ ಎಂದು ಕೇಳುವುದು ಗೌರವಕ್ಕೆ ಕುಂದಲ್ಲ ಎಂದು ಇಲ್ಲಿರುವ ಅಧ್ಯಾಪಕರೇ ನಿಮ್ಮ ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅರ್ಜಿ ಹೋದ ಮೇಲೆ ಕಾಯುವುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ದೇಶದೊಳಗಾದರೆ ಬೇಸಿಗೆಯವರೆಗೆ. ಮೊದಲ ವರ್ಷ ನಾನು ಆ ತಿಂಗಳುಗಳನ್ನು ಇಮೇಲ್ ತೆರೆದು ನೋಡುವುದರಲ್ಲೇ ಕಳೆದೆ. ಯಾರಿಗೋ ಎಲ್ಲಿಂದಲೋ ಕರೆ ಬಂತೆಂದು ಗೆಳತಿಯರು ಹೇಳಿದರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಅವ್ವ ಒಲೆಯ ಮುಂದಿನಿಂದಲೇ ‘ಏನವ್ವ, ಇನ್ನೂ ಬಂದಿಲ್ಲೇನು?’ ಎಂದು ಕೇಳುವಳು. ಸಂಜೆ ಬಂದ ನೆಂಟರು ಮದುವೆಯ ಮಾತು ತೆಗೆಯುವರು. ಈ ಒತ್ತಡ ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಹೆಚ್ಚು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎರಡನೆಯ ವರ್ಷ ಬೇರೆ ಕೆಲಸ ಮಾಡಿದೆ. ಉದ್ದೇಶ ಪತ್ರದಲ್ಲಿ ನಾನೇ ಬರೆದಿದ್ದ ಪ್ರತಿ ವಾಕ್ಯದ ಎದುರು, ಅದನ್ನು ಓದಿದವರು ಏನು ಕೇಳಬಹುದೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ‘ಈ ಸಾಫ್ಟ್‌ವೇರ್ ಬಳಸಿದೆ’ ಎಂದಿದ್ದ ಕಡೆ, ಅದು ಒಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆ. ಉತ್ತರ ಹುಡುಕಲು ಹೋಗಿ ತುಣುಕು ಹೊಂದಿಸುವ ಲೆಕ್ಕವನ್ನು ಕಾಗದದ ಮೇಲೆ ಮಾಡಿದೆ. ನಿಮಗೆ ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಚಿತ್ರದುರ್ಗಕ್ಕೆ ಚಿತ್ರಕಲದುರ್ಗ ಎಂಬ ಹೆಸರೂ ಇದೆ. ಎರಡನ್ನೂ ಒಂದರ ಕೆಳಗೊಂದು ಬರೆದರೆ ‘ಚಿ’, ‘ತ್ರ’ ಹೊಂದುತ್ತವೆ, ಮೂರನೆಯ ಅಕ್ಷರದಿಂದ ಎಲ್ಲವೂ ತಪ್ಪುತ್ತದೆ. ಮೇಲಿನ ಹೆಸರಿನಲ್ಲಿ ಎರಡು ಅಕ್ಷರದಷ್ಟು ಜಾಗ ಖಾಲಿ ಬಿಟ್ಟರೆ ‘ದು’, ‘ರ್ಗ’ ಮತ್ತೆ ಸರಿಯಾಗಿ ಕೂರುತ್ತವೆ. ಹೊಂದಿದ್ದಕ್ಕೆ ಅಂಕ, ಖಾಲಿ ಬಿಟ್ಟದ್ದಕ್ಕೆ ದಂಡ ಎಂದಿಟ್ಟು, ಎಲ್ಲ ಸಾಧ್ಯತೆಗಳಲ್ಲಿ ಅತಿ ಹೆಚ್ಚು ಅಂಕದ್ದನ್ನು ಒಂದು ಕೋಷ್ಟಕದಲ್ಲಿ ಹಂತಹಂತವಾಗಿ ಕಂಡುಹಿಡಿಯುವ ವಿಧಾನವನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ಕೊಟ್ಟರು. ಇದನ್ನು ಒಮ್ಮೆ ಕೈಯಿಂದ ಮಾಡಿದವರು ಸಂದರ್ಶನದ ಕೋಣೆಯಲ್ಲಿ ಬೋರ್ಡಿನ ಮುಂದೆ ನಿಂತಾಗ ಬೆವರುವುದಿಲ್ಲ.

ಸಂದರ್ಶನದಲ್ಲಿ ನನಗೆ ಬಂದ ಒಂದು ಪ್ರಶ್ನೆ ನೋಡಿ. 20,000 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪಿ-ಮೌಲ್ಯ, ಅಂದರೆ ನಿಜವಾದ ಬದಲಾವಣೆ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಂಭವನೀಯತೆ, 0.05ಕ್ಕಿಂತ ಕಡಿಮೆ ಬಂದವನ್ನೆಲ್ಲ ಆರಿಸಿದ್ದೀರಿ, 1,100 ಜೀನ್ ಸಿಕ್ಕಿವೆ, ಸಂತೋಷಪಡುತ್ತೀರಾ? ನಾನು ಒಂದು ಕ್ಷಣ ಸುಮ್ಮನಿದ್ದು, ಬಾಯಿಬಿಟ್ಟೇ ಲೆಕ್ಕ ಮಾಡಿದೆ. ಯಾವ ಜೀನೂ ನಿಜವಾಗಿ ಬದಲಾಗದಿದ್ದರೂ 20,000ಕ್ಕೆ ನೂರಕ್ಕೆ ಐದರಂತೆ ಸರಾಸರಿ 1,000 ಜೀನ್‌ಗಳು ಬರೀ ಆಕಸ್ಮಿಕವಾಗಿ ಸಿಗುತ್ತವೆ, ಆದ್ದರಿಂದ 1,100 ಎಂಬುದು ಹಿಗ್ಗುವ ಸಂಖ್ಯೆಯಲ್ಲ ಎಂದೆ. ಹಾಗಾದರೆ ಏನು ಮಾಡುತ್ತೀರಿ ಎಂದರು. 0.05 ಎಂಬ ಮಿತಿಯನ್ನು 20,000ದಿಂದ ಭಾಗಿಸಬಹುದು, ಆದರೆ ಆಗ ನಿಜವಾದವೂ ಕೈತಪ್ಪಬಹುದು. ಆರಿಸಿದವುಗಳಲ್ಲಿ ಸುಳ್ಳಿನ ಪಾಲು ಇಷ್ಟೇ ಇರಲಿ ಎಂದು ಹಿಡಿತದಲ್ಲಿಡುವ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಅವರ 1995ರ ವಿಧಾನವಿದೆ ಎಂದೆ. ಅದು ಸರಿ ಎಂದು ಗಣಿತದಿಂದ ಸಾಧಿಸಿ ತೋರಿಸಿ ಎಂದಾಗ ನನಗೆ ಬರಲಿಲ್ಲ. ‘ಪೂರ್ತಿ ಗೊತ್ತಿಲ್ಲ, ಆದರೆ ಪಿ-ಮೌಲ್ಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವಲ್ಲಿಂದ ಶುರುಮಾಡುತ್ತೇನೆ’ ಎಂದು ಹೇಳಿ ಎರಡು ಸಾಲು ಮುಂದೆ ಹೋದೆ, ಅಲ್ಲಿ ಪ್ಯಾನೆಲ್ಲಿನಲ್ಲಿದ್ದವರೊಬ್ಬರು ಕೈಜೋಡಿಸಿದರು. ನಮ್ಮ ಮೌಖಿಕ ಪರೀಕ್ಷೆಗಳಲ್ಲಿ ಗೊತ್ತಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಅದು ಮಾತು ಶುರುವಾಗುವ ಜಾಗ, ಅದರ ಮುಂದಿನ ಸಾಲು ನಿಮ್ಮದಾಗಿದ್ದರೆ.

ವಿಡಿಯೊ ಸಂದರ್ಶನವಾದರೆ ಒಂದೆರಡು ಸಣ್ಣ ಎಚ್ಚರಿಕೆ. ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ 10 ಗಂಟೆ ಎಂದರೆ ಜನವರಿಯಲ್ಲಿ ನಮಗೆ ರಾತ್ರಿ 8:30. ಮಾರ್ಚ್‌ನ ಎರಡನೆಯ ಭಾನುವಾರ ಅವರು ಗಡಿಯಾರ ತಿರುಗಿಸಿದ ಮೇಲೆ 7:30. ಒಂದು ಗಂಟೆ ತಡವಾಗಿ ಕೂತವರನ್ನು ಬಲ್ಲೆ. ಕರೆಂಟ್ ಹೋದರೆ ಎಂದು ಲ್ಯಾಪ್‌ಟಾಪ್ ಚಾರ್ಜು ಮಾಡಿಟ್ಟುಕೊಂಡು, ಮೊಬೈಲ್ ಹಾಟ್‌ಸ್ಪಾಟ್ ಒಮ್ಮೆ ಪರೀಕ್ಷಿಸಿಟ್ಟುಕೊಳ್ಳಿ. ಇಂಗ್ಲಿಷ್ ತಡವರಿಸುತ್ತದೆಂದು ಅಳುಕಬೇಡಿ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಹೇಳಿದ ಸರಿಯಾದ ಯೋಚನೆಯನ್ನು ನಾನು ಪ್ಯಾನೆಲ್ಲಿನಲ್ಲಿ ಕೂತಾಗ ಎಂದೂ ಕಡೆಗಣಿಸಿಲ್ಲ.

ಕೊನೆಯಲ್ಲಿ ಅವರು ತಪ್ಪದೆ ‘ನಿಮಗೇನಾದರೂ ಕೇಳುವುದಿದೆಯೇ’ ಎನ್ನುತ್ತಾರೆ. ನಮ್ಮವರು ವಿನಯಕ್ಕೆಂದು ಇಲ್ಲ ಎಂದುಬಿಡುತ್ತಾರೆ. ಐದಾರು ವರ್ಷ ಕಳೆಯಬೇಕಾದ ಮನೆಯ ಬಗ್ಗೆ ಏನೂ ಕೇಳದೆ ಒಳಗೆ ಕಾಲಿಡುವುದು ಹೇಗೆ? ನಾನು ಎರಡನೆಯ ವರ್ಷ ಕೇಳಿದ್ದು, ನಿಮ್ಮ ವಿದ್ಯಾರ್ಥಿಯ ಲೆಕ್ಕದಲ್ಲಿ ತಪ್ಪಿದೆ ಎಂದು ತಡವಾಗಿ ಗೊತ್ತಾದಾಗ ಏನು ಮಾಡುತ್ತೀರಿ ಎಂದು. ಇಬ್ಬರು ‘ಹಾಗಾಗದಂತೆ ನೋಡಿಕೊಳ್ಳುತ್ತೇವೆ’ ಎಂದರು. ಮೂರನೆಯವರು, ಹೋದ ತಿಂಗಳಷ್ಟೇ ಹಾಗಾಯಿತು, ಕಳುಹಿಸಿದ್ದ ಲೇಖನವನ್ನು ವಾಪಸು ಪಡೆದು, ವಿದ್ಯಾರ್ಥಿಯೂ ತಾನೂ ಪಕ್ಕಪಕ್ಕ ಕೂತು ನಾಲ್ಕು ದಿನ ಪ್ರೋಗ್ರಾಮಿನ ಒಂದೊಂದೇ ಸಾಲು ಓದಿದೆವು ಎಂದರು. ಮೂರೂ ಕಡೆಯಿಂದ ಸೀಟು ಬಂದಾಗ ನಾನು ಸೇರಿದ್ದು ಆ ಮೂರನೆಯವರ ಲ್ಯಾಬಿಗೆ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.