ಬೆವ್ರೇ ಕಾಣದ ಊರಲ್ಲಿ ಓಟ

ಹಾಂ, ನಮಸ್ಕಾರ ಎಲ್ರಿಗೂ. ಬೆಳಗ್ಗೆ ಆರೂ ಕಾಲು, ಶಿವಮೊಗ್ಗ ನೆಹರೂ ಸ್ಟೇಡಿಯಂ, ಈ ಟೀಶರ್ಟ್ ನೋಡಿ ಒಂದ್ಸಲ, ಎಂಟೇ ರೌಂಡ್ ಹೊಡ್ದಿದ್ದು, ಹಿಂಡಿದ್ರೆ ನೀರು ಸುರಿಯುತ್ತೆ. ನಮ್ಮ ಮಲ್ನಾಡಲ್ಲಿ ಇದೊಂದು ಅನುಕೂಲ ಮಾರಾಯ್ರೆ, ಮೈಯಿಂದ ನೀರು ಹೋಗ್ತಾ ಇದೆ ಅಂತ ಕಣ್ಣಿಗೇ ಕಾಣುತ್ತೆ. ಹೋದ್ವರ್ಷ ಟ್ರೈನಿಂಗಿಗೆ ಅಂತ ಲಡಾಖಿನ ಲೇಹ್‌ಗೆ ಹೋದಾಗ ನಾನು ಎಡವಿದ್ದೇ ಇಲ್ಲಿ.

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರ, ಲೇಹ್ ಸುಮಾರು 3,500. ನಾನೋ ಮುಳ್ಳಯ್ಯನಗಿರಿ ಹತ್ತಿಳ್ದು ಜಂಬ ಪಡ್ತಿದ್ದವನು, ಅದು 1,930 ಅಷ್ಟೇ. ಒಂದು ವಾರ ಸುಧಾರಿಸ್ಕೊಂಡು ಮೊದಲ್ನೇ ಸಲ 12 ಕಿಲೋಮೀಟರ್ ನಿಧಾನಕ್ಕೆ ಓಡಿ ಬಂದೆ, ಟೀಶರ್ಟ್ ಒಣಗಿದ ಹಪ್ಪಳದ ಹಾಗಿತ್ತು. ಬೆವ್ರಿಲ್ಲ, ಬಾಯಾರಿಕೆನೂ ಇಲ್ಲ, ಬಾಟ್ಲಿ ನೀರು ಅರ್ಧ ಹಾಗೇ ಉಳ್ದಿತ್ತು. ತೂಕ ನೋಡಿದ್ರೆ ಒಂದೂವರೆ ಕೆಜಿ ಕಡ್ಮೆ. ನಂಗೆ ಖುಷಿ ಆಗೋಯ್ತು! ದಡ್ಡ ನಾನು, ಒಂದು ಓಟದಲ್ಲಿ ಇಳಿಯೋ ತೂಕ ಕೊಬ್ಬಲ್ಲ, ಹೆಚ್ಚುಕಮ್ಮಿ ಪೂರ್ತಿ ನೀರೇ, ಕೆಜಿಗೆ ಒಂದು ಲೀಟ್ರು ಅಂತ ಲೆಕ್ಕ.

ಎಲ್ಲಿಗೆ ಹೋಯ್ತು ಅಷ್ಟು ನೀರು? ಅಲ್ಲಿ ಗಾಳಿ ಎಷ್ಟು ಒಣ ಅಂದ್ರೆ ಬೆವ್ರು ಹನಿ ಆಗೋಕೆ ಮುಂಚೆನೇ ಆರಿಹೋಗುತ್ತೆ. ಇನ್ನೊಂದು, ಉಸಿರು. ಚಳಿಗಾಲದ ಬೆಳಗ್ಗೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಬಾಯಿಂದ ಹೊಗೆ ಬಿಡೋ ಆಟ ಆಡಿರ್ತೀರಲ್ಲ, ಅದು ನೀರೇ, ಮೇಲ್ಗಡೆ ಆಕ್ಸಿಜನ್ ಕಡ್ಮೆ ಇರೋದ್ರಿಂದ ಉಸಿರಾಟ ಜಾಸ್ತಿ ಆಗುತ್ತೆ, ಪ್ರತಿ ಉಸಿರಿಗೂ ಒಂಚೂರು ನೀರು ಹೊರಗೆ. ಅದ್ರ ಮೇಲೆ ಮೊದ್ಲ ದಿನಗಳಲ್ಲಿ ಮೂತ್ರನೂ ಜಾಸ್ತಿ ಬರುತ್ತೆ, ರಾತ್ರಿ ಆ ಚಳೀಲಿ ಮೂರು ಸಲ ಏಳೋ ಸುಖ ಕೇಳ್ಬೇಡಿ. ಚಳಿಗೆ ಬಾಯಾರಿಕೆನೂ ಮಂಕಾಗುತ್ತೆ.

ಆಮೇಲೆ ನಾನು ಮಾಡಿದ್ದು ಇನ್ನೊಂದು ಎಡವಟ್ಟು. ಕಮ್ಮಿ ಆಯ್ತಲ್ಲ ಅಂತ ಮಾರನೇ ದಿನ ಬರೀ ನೀರನ್ನ ಲೀಟರ್‌ಗಟ್ಲೆ ಸುರ್ಕೊಂಡೆ, ಹೊಟ್ಟೆ ಉಬ್ಬರ, ವಾಕರಿಕೆ. ಉಪ್ಪಿಲ್ದೆ ಅತಿಯಾಗಿ ನೀರು ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದು ಬಾಯಾರಿಕೆಗಿಂತ ಅಪಾಯ. ಹಾಂ, ಇದನ್ನ ಗಟ್ಟಿಯಾಗಿ ಹೇಳ್ಬೇಕು, ಎತ್ತರದಲ್ಲಿ ತಲೆನೋವು ಬಂದ್ರೆ "ನೀರು ಕುಡಿ ಸರಿಹೋಗುತ್ತೆ" ಅಂತಾರಲ್ಲ, ಆಲ್ಟಿಟ್ಯೂಡ್ ಸಿಕ್‌ನೆಸ್ಸಿಗೆ ನೀರು ಮದ್ದಲ್ಲ. ನೋವು ಜಾಸ್ತಿ ಆಗ್ತಿದ್ರೆ ಡಾಕ್ಟರ್ ನೋಡಿ, ಕೆಳಗಿಳೀರಿ.

ಈಗ ನಾನು ಮಾಡೋದು ಇಷ್ಟೇ, ಓಟದ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ತೂಕ. ಬೆಳಗ್ಗೆ ಮೂತ್ರದ ಬಣ್ಣ, ತಿಳಿ ಲಿಂಬೆ ಶರಬತ್ತಿನ ಹಾಗಿದ್ರೆ ಸರಿ, ಕಡು ಹಳದಿ ಆದ್ರೆ ಕುಡಿದಿದ್ದು ಸಾಲಲ್ಲ. ಉದ್ದ ಓಟದ ದಿನ ಓಆರ್‌ಎಸ್, ಪ್ಯಾಕೆಟ್ ಇಲ್ದಿದ್ರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚ, ತಲೆತಟ್ಟಿ ಅಳತೆ, ಗೋಪುರ ಮಾಡ್ಬೇಡಿ.

ನಗಬೇಡಿ, ಇದೆಲ್ಲ ಹೇಳಿದ್ಮೇಲೆ ನೆನಪಾಗೋದು ಸಾಗರದ ಹತ್ರ ಇರೋ ನಮ್ಮಜ್ಜಿ. ಯಾರೇ ಜಗಲಿ ಹತ್ತಲಿ, ಬಾಯಾರಿದ್ಯಾ ಅಂತ ಕೇಳೋದೇ ಇಲ್ಲ, "ಆಸ್ರಿಗೆ ಎಂತ ಬೇಕು", ಅಂದ್ರೆ ಕುಡಿಯೋಕೆ ಎಂತ ಬೇಕು ಅಂತ ಸೀದಾ ಚೊಂಬು ನೀರು, ಬೆಲ್ಲದ ತುಂಡು ತಂದಿಡ್ತಾಳೆ. ಬಾಯಾರಿಕೆಗೆ ಕಾಯಬೇಡ ಅಂತ ಲೇಹ್‌ನಲ್ಲಿ ಕೋಚ್ ನಂಗೆ ಹೇಳಿದ್ದೂ ಅದನ್ನೇ. ಊಟದ ಕೊನೆಗೆ ಲೋಟದ ತುಂಬ ಅಪ್ಪೆಹುಳಿ, ಅಂದ್ರೆ ಮಾವಿನಕಾಯಿಯ ನೀರು ಸಾರು: ಉಪ್ಪು, ಹುಳಿ, ನೀರು, ಇಂಗಿನ ಒಗ್ಗರಣೆ. ಸಕ್ಕರೆ ಅಷ್ಟಿಲ್ಲ, ಹಾಗಾಗಿ ಓಆರ್‌ಎಸ್ ಅನ್ನೋಕಾಗಲ್ಲ, ಆದ್ರೆ ನಂಗೆ ಊಟದ ಜೊತೆ ಉಪ್ಪುನೀರು ಒಳಗೆ ಹೋಗೋಕೆ ಇದಕ್ಕಿಂತ ಒಳ್ಳೇ ದಾರಿ ಗೊತ್ತಿಲ್ಲ. ಕುಡಿದ್ರೆ ನಿದ್ದೆ ಮಾತ್ರ ಗ್ಯಾರಂಟಿ.

ಮುಂದಿನ್ವಾರ ಮತ್ತೆ ಹೊರಟಿದೀನಿ. ಅಜ್ಜಿ ಉಪ್ಪುನೀರಲ್ಲಿ ಹಾಕಿದ ಅಪ್ಪೆಮಿಡಿ (ಎಳೇ ಮಾವಿನಕಾಯಿ) ಬಾಟ್ಲಿನ ಮೂರು ಕವರ್ ಸುತ್ತಿ ಬ್ಯಾಗಿಗೆ ತುರುಕಿದಾಳೆ. ಆ ಎತ್ತರದಲ್ಲಿ ಚಿಪ್ಸ್ ಪ್ಯಾಕೆಟ್ಟೇ ಬಲೂನಿನ ಹಾಗೆ ಉಬ್ಬುತ್ತೆ, ಈ ಮುಚ್ಚಳ ಎಂತ ಮಾಡುತ್ತೋ, ನನ್ನ ಬಟ್ಟೆಗಳ ಗತಿ ಎಂತದೋ, ಮುಂದಿನ ವಿಡಿಯೋದಲ್ಲಿ ತೋರಿಸ್ತೀನಿ.