ನಿಲ್ಲದೆ ತಿರುಗುವ ಸರ್ವೊ

ಕೇಳುಗರಿಗೆ ನಮಸ್ಕಾರ.

ಸರ್ವೊ ಅಂದರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲುವ ಪುಟ್ಟ ಮೋಟಾರು. ರೋಬೋಟ್ ಕಟ್ಟುವ ಹವ್ಯಾಸಕ್ಕೆ ಹೊಸದಾಗಿ ಬಂದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸರ್ವೊಗೆ 45 ಡಿಗ್ರಿಗೆ ಹೋಗು ಅಂತ ಹೇಳಿದೆ. ಹೋಗಿ ನಿಲ್ಲುವ ಬದಲು ಗರಗರ ತಿರುಗುತ್ತಲೇ ಇದೆ. ಕೆಟ್ಟಿದೆಯಾ?" ಕೆಟ್ಟಿಲ್ಲ. ಅವರ ಕೈಗೆ ಬಂದಿರುವುದು ಕಂಟಿನ್ಯೂಯಸ್ ರೊಟೇಶನ್ ಸರ್ವೊ, ಅಂದರೆ ನಿಲ್ಲದೆ ಸುತ್ತುವ ಸರ್ವೊ. ಹೊರಗಿನಿಂದ ನೋಡಿದರೆ ಮಾಮೂಲಿ ಸರ್ವೊಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅದೇ ಪೆಟ್ಟಿಗೆ, ಅದೇ ಮೂರು ವೈರು, ತುದಿಯಲ್ಲಿ ಅದೇ ಹಲ್ಲಿನ ಶಾಫ್ಟು.

ವ್ಯತ್ಯಾಸ ಇರುವುದು ಒಳಗೆ. ಬಾನುಲಿಯಲ್ಲಿ ಬಿಚ್ಚಿ ತೋರಿಸಲು ಆಗುವುದಿಲ್ಲವಲ್ಲ, ಮಾತಿನಲ್ಲೇ ಬಿಚ್ಚೋಣ. ಮೊದಲು ಮಾಮೂಲಿ ಸರ್ವೊ. ತಳದ ನಾಲ್ಕು ಸ್ಕ್ರೂ ತೆಗೆದರೆ ಒಂದು ಚಿಕ್ಕ ಡಿಸಿ ಮೋಟಾರು, ಗ್ರೀಸ್ ಮೆತ್ತಿಕೊಂಡ ನಾಲ್ಕಾರು ಗೇರು, ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು, ಜೊತೆಗೆ ಒಂದು ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿದ ಹಾಗೆ ರೋಧ ಬದಲಾಗುವ ಬಿಡಿಭಾಗ, ಕಾಣುತ್ತವೆ. ಈ ಪೊಟೆನ್ಶಿಯೋಮೀಟರ್ ಶಾಫ್ಟಿನ ಜೊತೆಗೇ ತಿರುಗುತ್ತದೆ. ಶಾಫ್ಟು ಈಗ ಎಲ್ಲಿದೆ ಅಂತ ಬೋರ್ಡಿಗೆ ಹೇಳುವುದು ಇದರ ಕೆಲಸ. ನಾವು ಕೇಳಿದ ಜಾಗಕ್ಕೂ ಶಾಫ್ಟು ಇರುವ ಜಾಗಕ್ಕೂ ಅಂತರ ಇರುವವರೆಗೆ ಬೋರ್ಡು ಮೋಟಾರನ್ನು ಓಡಿಸುತ್ತದೆ. ಅಂತರ ಜಾಸ್ತಿ ಇದ್ದರೆ ಜೋರಾಗಿ, ಹತ್ತಿರ ಬಂದ ಹಾಗೆ ಮೆಲ್ಲಗೆ. ಅಂತರ ಸೊನ್ನೆಯಾದರೆ ನಿಲ್ಲಿಸುತ್ತದೆ.

ಈಗ ಆ ಪೊಟೆನ್ಶಿಯೋಮೀಟರನ್ನು ಶಾಫ್ಟಿನಿಂದ ಬಿಡಿಸಿ, ನಡುಮಧ್ಯದಲ್ಲಿ ಕದಲದಂತೆ ಕೂರಿಸಿಬಿಡಿ. ಅಥವಾ ಅದನ್ನು ಕಿತ್ತು, ಆ ಜಾಗಕ್ಕೆ ಒಂದೇ ಪ್ರಮಾಣದ ರೋಧ ಇರುವ ಎರಡು ರೆಸಿಸ್ಟರ್ ಬೆಸುಗೆ ಹಾಕಿ. ಗೇರಿನ ಮೇಲೆ ಅರ್ಧ ಸುತ್ತಿಗೆ ಅಡ್ಡ ಬರುವ ಒಂದು ಚಿಕ್ಕ ಗುಬುಟು ಇರುತ್ತದೆ, ಅದನ್ನು ಕತ್ತರಿಸಿ. ಅಷ್ಟೇ, ಬೋರ್ಡನ್ನು ಯಾಮಾರಿಸಿದ ಹಾಗಾಯಿತು. ಶಾಫ್ಟು ಎಷ್ಟು ತಿರುಗಿದರೂ ಅದಕ್ಕೆ "ನಾನಿನ್ನೂ ಮಧ್ಯದಲ್ಲೇ ಇದ್ದೇನೆ" ಎಂಬ ಸುದ್ದಿಯೇ ಬರುತ್ತದೆ. ನೀವು 45 ಡಿಗ್ರಿ ಕೇಳಿದರೆ ಅದು ಪಾಪ 45ರ ಕಡೆಗೆ ಓಡುತ್ತಲೇ ಇರುತ್ತದೆ, ಮುಟ್ಟುವುದೇ ಇಲ್ಲ. ಹವ್ಯಾಸಿಗಳು ಮಾಮೂಲಿ ಸರ್ವೊ ಬಿಚ್ಚಿ ಹೀಗೆ ಕೈಯಾರೆ ಬದಲಿಸುತ್ತಿದ್ದರು, ಈಗಲೂ ಬದಲಿಸುವವರಿದ್ದಾರೆ. ಆದರೆ ಕಾರ್ಖಾನೆಯಲ್ಲೇ ಹೀಗೆ ಮಾಡಿದ್ದು ಸಿಗುವಾಗ ಆ ಸಣ್ಣ ಗೇರುಗಳ ಜೊತೆ ಯಾಕೆ ಒದ್ದಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕುತೂಹಲಕ್ಕೆ ಒಂದನ್ನು ಬಿಚ್ಚಿ ನೋಡಿ, ಬೇಡ ಅನ್ನುವುದಿಲ್ಲ.

ಇಷ್ಟು ಅರ್ಥವಾದರೆ ಇದರ ಎಲ್ಲ ಚೇಷ್ಟೆಗಳೂ ಅರ್ಥವಾಗುತ್ತವೆ. ಇದು ಕೋನ ಗೊತ್ತಿರುವ ಸರ್ವೊ ಅಲ್ಲ. ಗೇರು ಮತ್ತು ಡ್ರೈವರ್, ಅಂದರೆ ಮೋಟಾರನ್ನು ಓಡಿಸುವ ಸರ್ಕ್ಯೂಟು, ಎರಡೂ ಒಳಗೇ ಇರುವ ಒಂದು ಮೋಟಾರು. ಕೋನದ ಆಜ್ಞೆ ಇಲ್ಲಿ ವೇಗದ ಆಜ್ಞೆಯಾಗಿದೆ, ಅಷ್ಟೇ.

ಆಜ್ಞೆ ಹೋಗುವುದು ಸಿಗ್ನಲ್ ವೈರಿನಲ್ಲಿ, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್, ಅಂದರೆ ವೋಲ್ಟೇಜಿನ ಒಂದು ಚಿಕ್ಕ ಮಿಡಿತ. ಪಲ್ಸು 1.5 ಮಿಲಿಸೆಕೆಂಡ್ ಉದ್ದ ಇದ್ದರೆ ಮೋಟಾರು ನಿಲ್ಲಬೇಕು. 1ರ ಕಡೆಗೆ ಇಳಿಸಿದರೆ ಒಂದು ದಿಕ್ಕು, 2ರ ಕಡೆಗೆ ಏರಿಸಿದರೆ ಇನ್ನೊಂದು. ಮಧ್ಯದಿಂದ ದೂರ ಹೋದಷ್ಟೂ ವೇಗ ಜಾಸ್ತಿ. ಆದರೆ ಈ ಏರಿಕೆ ಕೊನೆಯವರೆಗೂ ಇರುವುದಿಲ್ಲ. ಪ್ಯಾರಲಾಕ್ಸ್ ಕಂಪನಿಯ ಇಂಥ ಸರ್ವೊ 1.3 ಮತ್ತು 1.7 ಮಿಲಿಸೆಕೆಂಡಿಗೇ ಪೂರ್ತಿ ವೇಗ ಮುಟ್ಟಿಬಿಡುತ್ತದೆ. ಅದರಾಚೆ ಎಷ್ಟು ಕೊಟ್ಟರೂ ಅಷ್ಟೇ. ವೇಗದ ಆಟವೆಲ್ಲ ಮಧ್ಯದ ಆ ಇಕ್ಕಟ್ಟಿನ ಜಾಗದಲ್ಲೇ.

ಅದಕ್ಕೇ ಆ ಮಧ್ಯ ಸರಿಯಾಗಿರಬೇಕು. ಸರ್ವೊಗೆ ಆಜ್ಞೆ ಕಳಿಸಲು ಆರ್ಡುಯಿನೊ ಎಂಬ ಪ್ರೋಗ್ರಾಮ್ ಮಾಡಬಹುದಾದ ಬೋರ್ಡು ಬಳಸುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಅದರ ಸರ್ವೊ ಲೈಬ್ರರಿಯಲ್ಲಿ, ಅಂದರೆ ಸರ್ವೊಗೆಂದೇ ಬರೆದಿಟ್ಟ ಸಿದ್ಧ ಪ್ರೋಗ್ರಾಮಿನಲ್ಲಿ, 0ರಿಂದ 180 ಡಿಗ್ರಿಯ ಮಧ್ಯವಾದ 90 ಅಂತ ಬರೆದರೆ ನಿಲ್ಲುತ್ತದೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಆ ಲೈಬ್ರರಿ ತಾನಾಗಿ ಇಟ್ಟುಕೊಳ್ಳುವ ಪಲ್ಸಿನ ಮಿತಿ 544ರಿಂದ 2400 ಮೈಕ್ರೋಸೆಕೆಂಡ್. ಅದರ ನಡುಮಧ್ಯ 1472; ನಮಗೆ ಬೇಕಾದ 1.5 ಮಿಲಿಸೆಕೆಂಡ್, ಅಂದರೆ 1500 ಮೈಕ್ರೋಸೆಕೆಂಡ್ ಅಲ್ಲ. 28 ಮೈಕ್ರೋಸೆಕೆಂಡ್ ಕಮ್ಮಿ! ಕೆಲವು ಸರ್ವೊಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವು, ನಿಂತಿವೆ ಅಂದುಕೊಂಡರೆ ಮೆಲ್ಲಮೆಲ್ಲಗೆ ತೆವಳುತ್ತಿರುತ್ತವೆ. ಡಿಗ್ರಿಯ ಲೆಕ್ಕ ಬಿಟ್ಟು ನೇರವಾಗಿ ಮೈಕ್ರೋಸೆಕೆಂಡಿನಲ್ಲೇ ಆಜ್ಞೆ ಕೊಡುವುದು ವಾಸಿ. 1500 ಕಳಿಸಿ. ಆಗಲೂ ತೆವಳಿದರೆ ಪೆಟ್ಟಿಗೆಯ ಬದಿಯಲ್ಲೋ ತಳದಲ್ಲೋ ಒಂದು ಸಣ್ಣ ತೂತು ಇದೆಯಾ ನೋಡಿ. ಒಳಗೆ ತಿರುಪಿನಂಥದ್ದು ಕಾಣುತ್ತದೆ, ನಮ್ಮ ಹಳೆಯ ಪೊಟೆನ್ಶಿಯೋಮೀಟರೇ ಅದು. ಚಿಕ್ಕ ಸ್ಕ್ರೂಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಕಡೆ ಗುಂಯ್ ಅನ್ನುವ ಸದ್ದು ನಿಲ್ಲುತ್ತದೆ. ಅಲ್ಲಿಗೇ ಬಿಡಿ. ತೂತು ಇಲ್ಲದಿದ್ದರೆ ಪ್ರೋಗ್ರಾಮಿನಲ್ಲೇ 1480, 1490, 1510 ಅಂತ ಹುಡುಕಿ, ನಿಂತ ಅಂಕೆಯನ್ನು ಆ ಸರ್ವೊದ ಮೇಲೇ ಬರೆದಿಟ್ಟುಕೊಳ್ಳಿ.

ಕರೆಂಟಿನ ಬಗ್ಗೆ ಒಂದೇ ಮಾತು: ಯುಎಸ್‌ಬಿಯಿಂದ ಓಡುವ ಆರ್ಡುಯಿನೊ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಎರಡು ಸರ್ವೊ ಓಡಿಸಬೇಡಿ. ಚಕ್ರ ಹೊರಡುವಾಗ ಅದು ಎಳೆಯುವ ಕರೆಂಟಿಗೆ ವೋಲ್ಟೇಜು ಕುಸಿದು ಬೋರ್ಡು ರೀಸೆಟ್ ಆಗುತ್ತದೆ, ನೀವು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಸರ್ವೊಗೆ ಬೇರೆ ಬ್ಯಾಟರಿ ಇರಲಿ. ಬೋರ್ಡು, ಬ್ಯಾಟರಿ ಎರಡರ ಗ್ರೌಂಡ್, ಅಂದರೆ ಮೈನಸ್ ವೈರು, ಮಾತ್ರ ಒಂದಕ್ಕೊಂದು ಸೇರಿರಲೇಬೇಕು.

ಇನ್ನು ಎರಡು ಚಕ್ರದ ಗಾಡಿ. ಎಡಕ್ಕೊಂದು, ಬಲಕ್ಕೊಂದು ಸರ್ವೊ ಕೂರಿಸಿದಾಗ ಅವು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ, ಅಲ್ವಾ? ಎರಡಕ್ಕೂ 1700 ಕಳಿಸಿದರೆ ಗಾಡಿ ನಿಂತಲ್ಲೇ ಬುಗುರಿಯಾಗುತ್ತದೆ. ಮುಂದೆ ಹೋಗಬೇಕಾದರೆ ಒಂದಕ್ಕೆ 1700, ಇನ್ನೊಂದಕ್ಕೆ 1300. ಹಾಗೆ ಕೊಟ್ಟರೂ ನೆಟ್ಟಗೆ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಒಂದೇ ಡಬ್ಬಿಯಿಂದ ಬಂದ ಎರಡು ಸರ್ವೊಗಳೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಜೋರಾಗಿ ಓಡುವುದನ್ನು ಸ್ವಲ್ಪ ಇಳಿಸಿ, ಉದ್ದದ ಗೋಡೆಯ ಪಕ್ಕ ಓಡಿಸಿ ನೋಡಿ, ಮತ್ತೆ ಇಳಿಸಿ. ಇವತ್ತು ಸರಿಹೋದದ್ದು ಬ್ಯಾಟರಿ ಇಳಿದ ಮೇಲೆ ಮತ್ತೆ ತಪ್ಪಬಹುದು. "ಅರ್ಧ ಸೆಕೆಂಡ್ ತಿರುಗಿದರೆ ಗಾಡಿ 90 ಡಿಗ್ರಿ ಹೊರಳುತ್ತದೆ" ಎಂಬ ಲೆಕ್ಕದ ಗತಿಯೂ ಅಷ್ಟೇ.

ಹಾಗಾದರೆ ಇದು ಯಾವುದಕ್ಕೆ ಒಳ್ಳೆಯದು? ಮೆಲ್ಲಗೆ ಓಡುವ ಚಿಕ್ಕ ಗಾಡಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಬೇರೆ ಡ್ರೈವರ್ ಬೋರ್ಡು ಬೇಡ, ಒಂದೇ ಸಿಗ್ನಲ್ ವೈರಿನಲ್ಲಿ ದಿಕ್ಕು, ವೇಗ ಎರಡೂ. ನಿಮಿಷಕ್ಕೆ 50 ಸುತ್ತು ತಿರುಗುವ ಸರ್ವೊಗೆ ಆರೂವರೆ ಸೆಂಟಿಮೀಟರ್ ವ್ಯಾಸದ ಚಕ್ರ ಹಾಕಿದರೆ ಸೆಕೆಂಡಿಗೆ ಸುಮಾರು 17 ಸೆಂಟಿಮೀಟರ್ ಹೋಗುತ್ತದೆ. ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಹೋಗುವ ರೋಬೋಟಿಗೆ ಈ ವೇಗ ಧಾರಾಳ ಸಾಕು. ಅಲ್ಲಿ ಚಕ್ರಗಳ ಹೆಚ್ಚುಕಮ್ಮಿ ತೊಂದರೆಯನ್ನೂ ಕೊಡುವುದಿಲ್ಲ, ಗಾಡಿ ಪಕ್ಕಕ್ಕೆ ಸರಿದರೆ ಗೆರೆ ನೋಡುವ ಸೆನ್ಸರ್ ಹೇಳುತ್ತದೆ. ರೋಬೋಟಿನ ತೋಳಿಗೆ ಮಾತ್ರ ಇದನ್ನು ಹಾಕಬೇಡಿ, ಅಲ್ಲಿ ಕೋನ ಬೇಕು, ಮಾಮೂಲಿ ಸರ್ವೊವೇ ಆಗಬೇಕು. ಗಾಡಿ ಇಷ್ಟೇ ದೂರ ಹೋಗಿ ನಿಲ್ಲಬೇಕು ಅಂತಿದ್ದರೆ ಚಕ್ರಕ್ಕೆ ಎನ್‌ಕೋಡರ್ ಹಾಕಿ ಸುತ್ತು ಎಣಿಸಿ, ಇಲ್ಲವೇ ಹೆಜ್ಜೆ ಲೆಕ್ಕದಲ್ಲಿ ತಿರುಗುವ ಸ್ಟೆಪ್ಪರ್ ಮೋಟಾರ್ ತೆಗೆದುಕೊಳ್ಳಿ.